ಬಾವಿಯ ಮೆಟ್ಟಿಲು ಮುಚ್ಚಿಸಿದ ಸಮದ ಮಾಸ್ತರರು

ಅಬ್ದುಲ ಸಮದ ಮಾಸ್ತರರು ಬೀದರದ ಮೈಲೂರಿನವರು. ಓದಿದ್ದು ಉರ್ದುವಿನಲ್ಲಿ, ಹದಿನಾರು ವರ್ಷ ಗಣಿತ ಕಲಿಸಿದ್ದೂ ಉರ್ದುವಿನಲ್ಲಿಯೇ. ಐವತ್ತಾರರ ನವೆಂಬರಿನಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ ಅವರು ಔರಾದ ತಾಲೂಕಿನಲ್ಲಿ, ಠಾಣಾ ಕುಶನೂರಿನಿಂದ ಎರಡು ಮೈಲಿ ಆಚೆಗಿನ ಹಳ್ಳಿಯೊಂದರ ಮಿಡ್ಲ್ ಸ್ಕೂಲಿನಲ್ಲಿದ್ದರು. ಇನ್ನು ಕನ್ನಡದಲ್ಲೇ ಕಲಿಸಬೇಕು, ಕನ್ನಡದ ಪರೀಕ್ಷೆಯೂ ಪಾಸಾಗಬೇಕು ಎಂದು ಸುದ್ದಿ ಬಂತು. ಮಾತಾಡುವ ಕನ್ನಡ ಅವರಿಗೆ ಸಲೀಸು. ಬರೆಯಲು ಕೂತರೆ ಒತ್ತಕ್ಷರ ಎಲ್ಲಿ ಕೂಡುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. ನಲವತ್ತರ ಹತ್ತಿರದ ಮನುಷ್ಯ ಸಂಕೋಚಪಡದೆ ಏಳನೆಯ ಇಯತ್ತೆಯ ಮಕ್ಕಳ ಮುಂದೆ ಪಾಟಿ ಹಿಡಿದು ತಿದ್ದಿಸಿಕೊಳ್ಳುತ್ತಿದ್ದರು.

ಮರುವರ್ಷ ಜೂನಿನಲ್ಲಿ ಸಾಲೆ ತೆರೆದಾಗ ಅವರ ತರಗತಿಯ ಇಪ್ಪತ್ತೆರಡು ಮಕ್ಕಳಲ್ಲಿ ಒಂಬತ್ತು ಮಂದಿ ಬರಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ, ನಾರು ಹುಣ್ಣು. ಕಾಲಿನಲ್ಲಿ ಬೊಕ್ಕೆ ಎದ್ದು ಒಡೆದು, ಒಳಗಿನಿಂದ ಬಿಳಿ ದಾರದಂಥ ಹುಳ ಇಣುಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯಬೇಕು. ನಡುವೆ ಹರಿಯಿತೋ, ಕಾಲು ಬಾತು ತಿಂಗಳುಗಟ್ಟಲೆ ಹಾಸಿಗೆಯೇ ಗತಿ.

ಮಾಸ್ತರರು ಮಚ್ಛೇಂದ್ರನನ್ನು ನೋಡಲು ಹೋದರು. ತರಗತಿಯಲ್ಲಿ ಗಣಿತಕ್ಕೆ ಅವನೇ ಮುಂದು. ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದ.

"ಹೋದ ವರ್ಷನೂ ಆಗಿತ್ರಿ, ಮಾಸ್ತರ್ರೆ. ನಮ್ಮ ಓಣ್ಯಾಗ ಎಲ್ಲಾರಿಗೂ ಆಗ್ತಾದ್ರಿ. ನಮ್ಮ ಜೋಡಿ ಓದೋ ಗೌಹರಳ ಓಣ್ಯಾಗ ಮಾತ್ರ ಯಾರಿಗೂ ಆಗಲ್ರಿ."

ಅವನು ಸುಮ್ಮನೆ ಹೇಳಿದ ಮಾತು ಮಾಸ್ತರರ ತಲೆಯಲ್ಲಿ ಕೂತುಬಿಟ್ಟಿತು. ಬೆಳಿಗ್ಗೆ ಗಣಿತದ ಪುಸ್ತಕ ಮುಚ್ಚಿಟ್ಟು, ಬಂದಿದ್ದ ಹದಿಮೂರು ಮಕ್ಕಳಿಗೆ ಎರಡೇ ಪ್ರಶ್ನೆ ಕೊಟ್ಟರು: ಈ ವರ್ಷ ನಿಮ್ಮ ಮನೆಯಲ್ಲಿ ಯಾರಿಗೆ ನಾರು ಆಗಿದೆ, ನೀವು ಕುಡಿಯುವ ನೀರು ಎಲ್ಲಿಯದು. ಮಕ್ಕಳು ನಾಲ್ಕು ದಿನ ಮನೆಮನೆ ತಿರುಗಿ ಪಾಟಿಯ ಮೇಲೆ ಬರೆದುಕೊಂಡು ಬಂದರು. ಮಸೀದಿ ಓಣಿಯ ಹುಡುಗಿ ಗೌಹರ, ಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಇಡೀ ಊರನ್ನು ಬರೆದಳು. ನಾರು ಆದ ಮನೆಯ ಮೇಲೆ ತಲೆಗೊಂದರಂತೆ ಹುಣಸೆಬೀಜ ಇಟ್ಟರು. ಇಟ್ಟು ಮುಗಿಸಿ ನೋಡಿದರೆ, ಬೀಜವೆಲ್ಲ ಕೆಳಗಿನ ಓಣಿಗಳಲ್ಲೇ ರಾಶಿ ಬಿದ್ದಿತ್ತು. ಅವರೆಲ್ಲ ಕುಡಿಯುತ್ತಿದ್ದದ್ದು ಮೆಟ್ಟಿಲು ಬಾವಿಯ ನೀರು. ಹುಣ್ಣಿನ ಕಾಲಿನಲ್ಲೇ ಇಳಿದು ಕೊಡ ತುಂಬಿಕೊಳ್ಳುತ್ತಿದ್ದರು. ಮಸೀದಿಯ ಕಡೆಯವರದು ಹಗ್ಗ ಹಾಕಿ ಸೇದುವ ಬಾವಿ. ಆ ಕಡೆ ಒಂದು ಬೀಜವೂ ಬಿದ್ದಿರಲಿಲ್ಲ.

ಊರ ಹಿರಿಯ ಕಾಶೀರಾಮ ಪಾಟೀಲರನ್ನು ಮಕ್ಕಳೇ ಕರೆತಂದರು. ಪಾಟೀಲರು ಕೋಲೂರಿ ನಿಂತು ನೆಲ ನೋಡಿದರು. ಹುಣ್ಣಿನ ಕಾಲು ನೀರಿಗೆ ತಾಕದಂತೆ ಬಾವಿಯ ಮೆಟ್ಟಿಲು ಮುಚ್ಚಿಸಬೇಕು ಎಂದರು ಮಾಸ್ತರರು.

"ಆ ಬಾವಿ ನಮ್ಮ ಮುತ್ಯಾ ಕಟ್ಟಿಸಿದ್ದು, ಮಾಸ್ತರ. ನಾರು ದೇವಿ ಕೊಡಾದು. ಬಾವಿ ಏನ್ ಮಾಡ್ತಾದ?"

"ದೇವಿ ಕೊಡಾದಾದ್ರ ನಮ್ಮ ಓಣಿಗಿ ಯಾಕ ಕೊಡಲ್ರಿ, ಮುತ್ಯಾ?" ಎಂದಳು ಗೌಹರ.

ಪಾಟೀಲರು ನೆಲದ ಹತ್ತಿರ ಬಗ್ಗಿದರು. ತಮ್ಮ ಮನೆಯ ಮೇಲಿದ್ದ ಎರಡು ಬೀಜವನ್ನೇ ಬಹಳ ಹೊತ್ತು ನೋಡಿದರು. ದೀಪಾವಳಿ ಕಳೆದ ಮೇಲೆ ಅವರ ಬಂಡಿಯಲ್ಲೇ ಕಲ್ಲು ಬಂದವು. ಡಿಸೆಂಬರ್ ಮುಗಿಯುವುದರೊಳಗೆ ಮೆಟ್ಟಿಲು ಮುಚ್ಚಿ, ಸುತ್ತ ಎದೆಮಟ್ಟ ಕಟ್ಟೆ ಎಬ್ಬಿಸಿ, ಮೇಲೆ ರಾಟೆ ಕೂಡಿಸಿದರು.

ಆದರೆ ಮುಂದಿನ ಬೇಸಿಗೆ ಕಳೆಯುತ್ತಲೇ ನಾರು ಮತ್ತೆ ಬಂತು. ಮೊದಲಿನಷ್ಟೇ ಬಂತು.

"ಸೇದಿ ಸೇದಿ ನಮ್ಮ ರಟ್ಟಿ ಬಿದ್ದು ಹೋದವು, ನಾರು ಎಲ್ಲಿ ಹೋಯ್ತು?" ಎಂದು ಹೆಂಗಸರು ಸಾಲೆಯ ಬಾಗಿಲಿಗೇ ಬಂದು ಕೇಳಿದರು. ಪಾಟೀಲರು ಗಟ್ಟಿ ಮಾತಾಡಲಿಲ್ಲ. "ಕಲ್ಲು ತೆಗಸಲೇನು, ಮಾಸ್ತರ?" ಎಂದಷ್ಟೇ ಕೇಳಿದರು. ಮಾಸ್ತರರು ಎಂಟು ದಿನ ತಡೆಯಿರಿ ಎಂದರು. ಮಕ್ಕಳ ಮುಖ ನೋಡುವುದೇ ಅವರಿಗೆ ಕಷ್ಟವಾಯಿತು. ತಾನು ಹೇಳಿದ್ದು ತಪ್ಪಾದರೆ ಸರಿ, ಮಕ್ಕಳು ಎಣಿಸಿದ್ದು ಹೇಗೆ ತಪ್ಪಾಗುತ್ತದೆ?

ಶನಿವಾರ ಬಸ್ಸು ಹಿಡಿದು ಬೀದರಕ್ಕೆ ಹೋಗಿ, ದವಾಖಾನೆಯಲ್ಲಿ ವಯಸ್ಸಾದ ಡಾಕ್ಟರರೊಬ್ಬರ ಮುಂದೆ ಎಲ್ಲ ಹೇಳಿದರು. ಡಾಕ್ಟರರು ಒಂದೇ ಪ್ರಶ್ನೆ ಕೇಳಿದರು: ಮೆಟ್ಟಿಲು ಮುಚ್ಚಿದ್ದು ಯಾವಾಗ?

"ಡಿಸೆಂಬರದಾಗ್ರಿ."

"ಮತ್ತ ಯಾಕ ಗಾಬರಿ ಆಗ್ತೀರಿ? ಆ ಹುಳ ಮೈಯಾಗ ಬೆಳಿಲಿಕ್ಕ ಒಂದು ವರ್ಷ ಬೇಕು. ಈಗ ಹೊರಗ ಬಂದದ್ದು ಹೋದ ವರ್ಷ ಕುಡಿದ ನೀರಿಂದು. ಇನ್ನೊಂದು ವರ್ಷ ತಡೀರಿ. ನೀರು ಎರಡು ಮಡಿಕೆ ಅರಿಬ್ಯಾಗ ಸೋಸಿ ಕುಡೀಲಿಕ್ಕ ಹೇಳ್ರಿ."

ಮರಳುವ ಬಸ್ಸಿನಲ್ಲಿ ಮಾಸ್ತರರು ಕಿಟಕಿಯ ಕಡೆ ಮುಖ ಮಾಡಿ ಕೂತು ಕಣ್ಣೊರೆಸಿಕೊಂಡರು. ಇಳಿದವರೇ ಪಾಟೀಲರ ಮನೆಗೆ ಹೋದರು. "ಒಂದು ವರ್ಷ ಬಿಡ್ರಿ, ಪಾಟೀಲರೆ. ಆಗೂ ಬಂತಂದ್ರ ಮೊದಲನೇ ಕಲ್ಲು ನಾನೇ ಕೀಳ್ತೇನಿ."

ಆ ವರ್ಷ ಬಲು ಉದ್ದವಾಗಿತ್ತು. ಕನ್ನಡದ ಪರೀಕ್ಷೆ ಎರಡನೆಯ ಸಲಕ್ಕೆ ಪಾಸಾಯಿತು. ಅವರ ಹೆಂಡತಿ ಶಾಕಿರಾ ಬೇಗಂ ಶೀರಾ ಮಾಡಿ ಓಣಿಗೆಲ್ಲ ಹಂಚಿದರು. ಗಂಡನಿಗೆ ಮಾತ್ರ ಅದು ನಾಲಿಗೆಗೆ ಹತ್ತಲಿಲ್ಲ.

ಐವತ್ತೊಂಬತ್ತರ ಜೂನ್ ಬಂತು. ಮಚ್ಛೇಂದ್ರ ಆಗಲೇ ಭಾಲ್ಕಿಯ ಹೈಸ್ಕೂಲಿನಲ್ಲಿದ್ದ. ಗೌಹರಳನ್ನು ಮನೆಯವರು ಸಾಲೆ ಬಿಡಿಸಿದ್ದರೂ, ಮತ್ತೆ ನಾರು ಎಣಿಸುವ ದಿನ ಅವಳೇ ಬಂದು ಹೊಸ ತರಗತಿಯ ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋದಳು. ಮಧ್ಯಾಹ್ನ ಒಬ್ಬ ಹುಡುಗಿ ಓಡಿ ಬಂದಳು: ಮಚ್ಛೇಂದ್ರನ ದೊಡ್ಡವ್ವ ಗಿರಿಜಾಬಾಯಿಯ ಕಾಲಿನಲ್ಲಿ ಬೊಕ್ಕೆ ಎದ್ದಿದೆಯಂತೆ. ಮಾಸ್ತರರು ಚಪ್ಪಲಿಯನ್ನೂ ಮೆಟ್ಟದೆ ಹೋದರು.

ಗಿರಿಜಾಬಾಯಿ ಅವರನ್ನು ನೋಡಿ ಸೆರಗು ಸರಿಮಾಡಿಕೊಂಡು ನಕ್ಕಳು. "ಜಾಲಿ ಮುಳ್ಳು ಚುಚ್ಚ್ಯಾದ್ರಿ, ಮಾಸ್ತರ್ರೆ. ಈಗರೇ ತೆಗದೀನಿ, ನೋಡ್ರಿ," ಎಂದು ಅಂಗೈಯಲ್ಲಿದ್ದ ಮುಳ್ಳು ತೋರಿಸಿದಳು.

ಸಂಜೆಯ ಹೊತ್ತಿಗೆ ಊರೆಲ್ಲ ಮುಗಿಯಿತು. ಒಬ್ಬರಿಗೂ ನಾರು ಆಗಿರಲಿಲ್ಲ. ಗೌಹರ ಮತ್ತೊಮ್ಮೆ ಹೇಳಲಿ ಎಂದು ಮಾಸ್ತರರು ಎರಡು ಸಲ ಕೇಳಿದರು; ಅವಳು ಎರಡು ಸಲವೂ ಹೇಳಿದಳು. ಆಮೇಲೆ ಅವರು ಸಾಲೆಯ ಪಡಸಾಲೆಯಲ್ಲಿ ಟೊಪ್ಪಿಗೆ ತೆಗೆದಿಟ್ಟು, ಗೋಡೆಗೆ ಒರಗಿ ಕೂತರು. ಕೂತಲ್ಲಿಯೇ ನಿದ್ದೆ ಹತ್ತಿತು. ಮಕ್ಕಳು ಒಬ್ಬರಿಗೊಬ್ಬರು ಸನ್ನೆ ಮಾಡಿಕೊಂಡು, ಸದ್ದಾಗದಂತೆ ಮನೆಗೆ ಹೋದರು.