ಕುರ್ಡಿ ದಾರಿಯ ಜಡಿ

ದಿನಾ ರಾಯಚೂರಿಂದ ಮಾನ್ವಿ ಕಡೆ ಸಾಲಿಗೆ ಸ್ಕೂಟಿ ಮ್ಯಾಲ ಹೋಗೋ ಟೀಚರ್ ನಾನು. ತುರುಬು ಕಟ್ಟಿದರ ಹೆಲ್ಮೆಟ್ ಕೂಡೂದಿಲ್ಲ, ಬಿಟ್ಟರ ಬೆವರಿಗೆ ಕೂದಲು ಕುತ್ತಿಗಿಗೆ ಅಂಟತದ. ಒಂದಿನ ದಾರ್ಯಾಗ ಕುರ್ಡಿ ಊರ ಹತ್ರ ಬೇವಿನ ನೆರಳಾಗ ನಿಂತು ಒದ್ದಾಡಾಕತ್ತಿದ್ದೆ. ಹತ್ತಿ ಬಿಡಿಸಾಕ ಬಂದಿದ್ದ ಮುದುಕಿಯೊಬ್ಬಾಕಿ ನೋಡಿದಳು.

"ಇವತ್ತ ಸಂಜಿಗೆ ಕತ್ತರಿಸೇ ಬಿಡ್ತೀನಿ," ಅಂದೆ.

"ಕತ್ತರಿ ಎಲ್ಲಿ ಓಡಿ ಹೋಗ್ತದ? ಕುಂದ್ರು ಯವ್ವಾ."

ತನ್ನ ತಲಿವಸ್ತ್ರದ ಅಂಚು ಹರಿದು, ಕೂದಲಿನ ಜೋಡಿ ಸೇರಿಸಿ, ಕುತ್ತಿಗಿ ಬುಡದಾಗ ಸಡಿಲಾಗಿ ಹೆಣಿಯಾಕತ್ತಳು. "ಬಿಸಲಾಗ ನಾವು ಹಿಂಗ ಹೆಣೀತೀವಿ. ಅರಿವಿ ಬೆವರು ಕುಡೀತದ."

ಆಕಿ ಬೆರಳು ಆಡಿದಂಗ ಎದುರಿನ ಬಿಳಿ ಹೊಲ ಮೆಲ್ಲಕ ತೇಲಾಕತ್ತಿತು. ಕಣ್ಣು ಯಾವಾಗ ಮುಚ್ಚಿದವೋ ಗೊತ್ತಿಲ್ಲ.

"ಏಳು, ಹೊತ್ತಾತು."

ಹೆಲ್ಮೆಟ್ ಸಲೀಸಾಗಿ ಕೂತಿತು.

ಈಗ ಹಂಗ ಹೆಣಿಯಾಕ ನನಗೂ ಬರ್ತದ. ಆದ್ರೂ ಕುರ್ಡಿ ಹತ್ರ ಬಂದಾಗ ಗಾಡಿ ನಿಲ್ಲಿಸಿ ಜಡಿ ನಾನೇ ಬಿಚ್ಚಿ, ಏನೂ ಬರಲಾರದಾಕಿಯಂಗ ಆ ಮುದುಕಿ ಮುಂದ ಹೋಗಿ ಕುಂದ್ರತೀನಿ.