ಹಗೇವಿಗೆ ಇಳಿದ ಕಂದೀಲು

ಮೊನ್ನೆ ಅಟ್ಟದ ಮೇಲಿನ ಡಬ್ಬಿಯೊಂದರ ಮುಚ್ಚಳ ತೆಗೆದೆ. ಎಂದೋ ಇಟ್ಟು ಮರೆತ ಜೋಳ. ಹುಳಿ ಬೆರೆತ ಮುಗ್ಗಲು ವಾಸನೆ ಮೂಗಿಗೆ ಅಡರಿತು. ಅದರ ಹಿಂದೆಯೇ, ಕಂದೀಲು ಹಿಡಿದು, ನಮ್ಮ ರಸಾಯನಶಾಸ್ತ್ರದ ಮಾಸ್ತರರು ಬಂದು ನಿಂತರು...

ಅರವತ್ತರ ದಶಕದ ಮೊದಲ ವರ್ಷಗಳು. ಗೋಕಾಕದ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಜಗತ್ತಿನ ಆಹಾರದ ಅಭಾವ ಕುರಿತು ಎರಡು ವಿಭಾಗಗಳು ಕೂಡಿ ಸಂಶೋಧನೆ ಮಾಡಿದರೆ ಅನುದಾನ ಕೊಡುವುದಾಗಿ ವಿಶ್ವವಿದ್ಯಾಲಯ ಸಾರಿತು. ಜಗತ್ತನ್ನು ಉಳಿಸಲು ಗೋಕಾಕ ಹಿಂಜರಿಯಲಿಲ್ಲ. ನೆಲದೊಳಗೆ ಬಾವಿಯಂತೆ ತೋಡಿದ ಹಗೇವಿನಲ್ಲಿ ಜೋಳ ವರ್ಷಗಟ್ಟಲೆ ಕೆಡದೆ ಹೇಗೆ ಉಳಿಯುತ್ತದೆ ಎಂಬುದು ಮಾಸ್ತರರ ಪಾಲು. ಉಳಿದದ್ದರಿಂದ ಯಾರಿಗೆ ಲಾಭ ಎಂಬುದು ನನ್ನ ಪಾಲು. ಅಲ್ಲಿಯವರೆಗೆ ನಾವಿಬ್ಬರೂ ಕೂಡಿ ಮಾಡಿದ ಏಕೈಕ ಕೆಲಸವೆಂದರೆ ಚಹಾ ಕುಡಿದದ್ದು.

ಅನುದಾನದ ಎರಡನೆಯ ಕಂತು ಕೊಡಬೇಕೋ ಬೇಡವೋ ಎಂದು ನೋಡಲು ವಿಶ್ವವಿದ್ಯಾಲಯದ ಹಿರಿಯ ಪ್ರಾಧ್ಯಾಪಕರೊಬ್ಬರು ಬಂದರು. ಅವರನ್ನು ಹಗೇವಿದ್ದ ನಾಗನೂರಿಗೆ ಕರೆದೊಯ್ದೆವು. ಹಗೇವಿನ ಬಾಯಿಯನ್ನು ಹಿಂದಿನ ದಿನವೇ ತೆರೆದು ಗಾಳಿಯಾಡಲು ಬಿಡುವುದು ಊರ ರೂಢಿ. ಆದರೆ ಅತಿಥಿಗಳ ಅಮೃತಹಸ್ತದಿಂದಲೇ ತೆರೆಯಿಸಬೇಕೆಂದು ನಮ್ಮ ಪ್ರಿನ್ಸಿಪಾಲರು ತೀರ್ಮಾನಿಸಿದ್ದರು. ಕಾಯಿ ಒಡೆದದ್ದಾಯಿತು, ಚಪ್ಪಡಿ ಸರಿಸಿದ್ದಾಯಿತು.

"ಇಬ್ರೂ ಕೂಡೇ ಇಳೀರಿ, ನೋಡೋಣು. ಕೂಡಿ ಕೆಲಸ ಮಾಡೂದಂದ್ರ ಹೆಂಗಿರತೈತಿ ಅಂತ ನೋಡಾಕ ಬಂದೇನಿ. ಸಂಜಿ ಬಸ್ಸಿಗೆ ಹೋಗಬೇಕ್ರಿ," ಎಂದರು ಅತಿಥಿಗಳು.

ನಾನು ಧೋತರ ಬಿಗಿದು ಹಗ್ಗ ಹಿಡಿದೆ. ಮಾಸ್ತರರು ಮಾತ್ರ ಹಾಡುಹಗಲಲ್ಲಿ ಕಂದೀಲು ಹಚ್ಚುತ್ತ ಕೂತರು.

"ಏನ್ರಿ ಮಾಸ್ತರ್ರ, ಇಷ್ಟ ಬಿಸಲ ಸಾಲವಲ್ದೇನ್ರಿ?" ಎಂದೆ.

ಅವರು ಕಂದೀಲನ್ನು ಇನ್ನೊಂದು ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟರು. ತುಸು ಕೆಳಗೆ ಹೋಗುತ್ತಲೇ ಉರಿ ಸಣ್ಣಗಾಯಿತು, ನೀಲಿಯಾಯಿತು, ಆರಿತು. ದೀಪವನ್ನೇ ಉಳಿಸದ ಆ ಗಾಳಿಯಲ್ಲಿ ಇಳಿದಿದ್ದರೆ ನಾನು ಏರಿ ಬರುತ್ತಿರಲಿಲ್ಲ.

"ಜೋಳ ನಿಮ್ಮ ಖಾತೇದ್ದು, ಗಾಳಿ ನನ್ನ ಖಾತೇದ್ದ್ರಿ," ಎಂದರು ಮಾಸ್ತರರು. "ಮೊದಲ ನಂದು ಹೊರಗ ಬರಲಿ. ಆಮ್ಯಾಲ ನೀವು ಒಳಗ ಹೋಗೀರಂತ." ಆಮೇಲೆ ಅತಿಥಿಗಳತ್ತ ತಿರುಗಿದರು. "ಅನುದಾನ ಕೊಡೂದು ಬಿಡೂದು ನಿಮಗ ಬಿಟ್ಟದ್ದ್ರಿ. ಇವರನ್ನ ಮಾತ್ರ ನಾ ಇವತ್ತ ಇಳಸೂದಿಲ್ಲ."

ನಾನು ಹಗ್ಗ ಕೆಳಗಿಟ್ಟೆ. ಅತಿಥಿಗಳು ಆ ಕತ್ತಲ ಬಾಯಿಯೊಳಗೆ ಬಗ್ಗಿ ನೋಡಿದರು. ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು.

"ಬಸ್ಸು ನಾಳೆನೂ ಐತಿ ಅಲ್ರಿ?" ಎಂದರು.

ಇತ್ತು. ಮರುದಿನ ಕಂದೀಲು ಆರದೆ ಜೋಳದ ರಾಶಿಯ ಮೇಲೆ ಹೋಗಿ ಕೂತಿತು. ಅದರ ಹಿಂದೆ ನಾವಿಬ್ಬರೂ ಕೂಡಿಯೇ ಇಳಿದೆವು. ಕಂತೂ ಬಂತು. ಜಗತ್ತಿನ ಹಸಿವು ನಮ್ಮಿಂದ ಎಷ್ಟು ತಗ್ಗಿತೋ ಹೇಳಲಾರೆ. ಪರೀಕ್ಷೆಗೆ ತಂದು ಮಿಕ್ಕ ಜೋಳದ ರೊಟ್ಟಿಯಿಂದ ಎರಡು ವಿಭಾಗಗಳ ಹಸಿವಂತೂ ತಗ್ಗಿತು.

ಮಾಸ್ತರರು ಹೋಗಿ ಬಹಳ ವರ್ಷಗಳಾದವು. ಹುಕ್ಕೇರಿಯ ಅವರ ಮನೆಗೆ ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು... ನನ್ನನ್ನು ಇಷ್ಟು ಮುದುಕನಾಗಲು ಬಿಟ್ಟು, ತಾವು ಹೋದರು.

ಡಬ್ಬಿಯೊಳಗೆ ಯಾರೂ ಇಳಿಯುವುದಿಲ್ಲ, ಗೊತ್ತು. ಆದರೂ ಮೊನ್ನೆ ಮುಚ್ಚಳ ತೆಗೆದಿಟ್ಟು, ತುಸು ದೂರ ಸರಿದು, ಕಾಯುತ್ತ ನಿಂತೆ.