ತಮ್ಮನ ಹಗ್ಗ ಅಕ್ಕನ ಕೈಯಲ್ಲಿ

ಬೆಳಗಿನ ಮಬ್ಬು ಇನ್ನೂ ಹರಿದಿಲ್ಲ. ರಸ್ತೆಯಂಚಿನ ಬಾವಿಯೊಳಕ್ಕೆ ತಂಗಮ್ಮ ಒಂದು ದೀಪವನ್ನು ಇಳಿಸುತ್ತಿದ್ದಾರೆ. ಬಕೆಟ್ಟಿನೊಳಗೆ ನಿಲ್ಲಿಸಿದ ಸೀಮೆಎಣ್ಣೆಯ ಬುಡ್ಡಿ ಅದು. ತಳ ಮುಟ್ಟುವವರೆಗೆ ಉರಿದರೆ ಒಳಗೆ ಉಸಿರಾಡುವ ಗಾಳಿಯಿದೆಯೆಂದು ಅರ್ಥ. ನಡುವೆ ಆರಿದರೆ ಯಾರೂ ಇಳಿಯುವಂತಿಲ್ಲ. ಈ ದಿನ ದೀಪ ಆರಲಿಲ್ಲ. ತಂಗಮ್ಮ ಅದನ್ನು ಮೇಲೆಳೆದು, ಗಂಡ ಸೆಲ್ಲಪ್ಪನ್ ಅವರ ಸೊಂಟಕ್ಕೆ ತೆಂಗಿನ ನಾರಿನ ದಪ್ಪ ಹಗ್ಗ ಬಿಗಿಯುತ್ತಾರೆ. ಇನ್ನೊಂದು ಕೊನೆಯನ್ನು ಎತ್ತುಗಳು ನೀರೆತ್ತುತ್ತಿದ್ದ ಹಳೆಯ ಕಪಿಲೆಯ ಕಲ್ಲುಕಂಬಕ್ಕೆ ಸುತ್ತಿ, ಹಿಮ್ಮಡಿಯೂರಿ ಕುಳಿತುಕೊಳ್ಳುತ್ತಾರೆ. ಅರವತ್ತು ದಾಟಿದ ಸೆಲ್ಲಪ್ಪನ್ ಕೆಮ್ಮುತ್ತಲೇ ಕತ್ತಲೆಗಿಳಿಯುತ್ತಾರೆ.

ರಾತ್ರಿ ಪಾಳಿ ಮುಗಿಸಿ ಮೊಪೆಡ್ಡಿನಲ್ಲಿ ಮನೆಗೆ ಹೊರಟಿದ್ದ ಮಗ್ಗದ ಕೆಲಸಗಾರನೊಬ್ಬ ತಿರುವಿನಲ್ಲಿ ಇದರೊಳಗೆ ಬಿದ್ದಿದ್ದಾನೆ. ರಸ್ತೆಯನ್ನು ಅಗಲ ಮಾಡಿದಾಗ ಬಾವಿಯ ಕಟ್ಟೆ ಹೋಯಿತು, ಬಾವಿ ಮಾತ್ರ ಉಳಿಯಿತು. ಅವನ ತಾಯಿ ಹುಣಿಸೆಮರದ ಬುಡದಲ್ಲಿ ಕುಳಿತಿದ್ದಾಳೆ. ಸುತ್ತ ನೆರೆದವರ ಕೈಯಲ್ಲಿ ಫೋನುಗಳಿವೆ.

ಅವರಲ್ಲೊಬ್ಬ ತರುಣ ಮುಂದೆ ಬಂದು ತಮಿಳಿನಲ್ಲಿ, "ಅಮ್ಮಾ, ವಯಸ್ಸಾದ ಕೈ ಅದು. ಕೊಡಿ, ನಾನು ಹಿಡಿಯುತ್ತೇನೆ" ಎನ್ನುತ್ತಾನೆ.

ತಂಗಮ್ಮ ಹಗ್ಗದಿಂದ ಕಣ್ಣು ತೆಗೆಯದೆ ಅದೇ ಭಾಷೆಯಲ್ಲಿ ಕೇಳುತ್ತಾರೆ: "ನಿನ್ನ ಅಕ್ಕನನ್ನು ಇವರಿಗೆ ಕೊಟ್ಟಿದ್ದೀಯೇನು ಸಾಮಿ? ಕೊಟ್ಟಿದ್ದರೆ ಬಾ, ಹಿಡಿ."

ನಾಲ್ಕು ಜನ ನಗುತ್ತಾರೆ. ಹುಣಿಸೆಮರದತ್ತ ಕಣ್ಣು ಹೋದೊಡನೆ ನಗು ನಿಲ್ಲುತ್ತದೆ.

ತಂಗಮ್ಮ ಆಡಿದ್ದು ಬರಿಯ ತಮಾಷೆಯಲ್ಲ. ಬಾವಿಗಿಳಿಯುವವನ ಹಗ್ಗ ಅವನ ಹೆಂಡತಿಯ ಒಡಹುಟ್ಟಿದವನ ಕೈಯಲ್ಲಿಯೇ ಇರಬೇಕೆಂಬುದು ಈ ಕಸುಬಿನ ಮನೆತನಗಳ ಕಟ್ಟಳೆ. ಅಕ್ಕತಂಗಿಯ ತಾಳಿಯನ್ನು ಕಾಯುವಷ್ಟು ಬಿಗಿಯಾಗಿ ಹಗ್ಗವನ್ನು ಬೇರೆ ಯಾರೂ ಹಿಡಿಯಲಾರರೆಂಬುದು ಹಿರಿಯರ ಎಣಿಕೆ. ಮದುವೆ ಗೊತ್ತುಮಾಡುವ ದಿನ ತಾಂಬೂಲದ ತಟ್ಟೆಯಲ್ಲಿ ಹಗ್ಗವನ್ನಿಟ್ಟು ಹೆಣ್ಣಿನ ಅಣ್ಣನಿಗೋ ತಮ್ಮನಿಗೋ ಒಪ್ಪಿಸುತ್ತಾರೆ. ಆ ಕೈ ಸಿಗದ ಗಂಡಸು ಬಾವಿಗೆ ಇಳಿಯುವಂತಿಲ್ಲ. ತಂಗಮ್ಮನ ಮದುವೆಯಲ್ಲಿ ಹಾಗೆ ಹಗ್ಗ ಪಡೆದವರು ಅವರ ತಮ್ಮ ಮಾರಪ್ಪನ್.

ಇವರ ಊರು ತಮಿಳುನಾಡಿನ ಪಲ್ಲಡಕ್ಕೆ ಪಶ್ಚಿಮದಲ್ಲಿ, ಕೆಮ್ಮಣ್ಣಿನ ದಿಬ್ಬದ ಮೇಲಿರುವ ಸಣ್ಣ ಪಟ್ಟಣ ಪಂಚಾಯಿತಿ. ಫಲಕದ ಮೇಲೆ ಕಲ್ಕಿಣರುಪಾಳಯಂ ಎಂದಿದೆ. ಕನ್ನಡದ ಮನೆಗಳಲ್ಲಿ ಅದು ಇಂದಿಗೂ ಕಲ್ಬಾವಿ. ಉತ್ತರಕ್ಕೆ ಬಲು ದೂರದಲ್ಲಿ ನೊಯ್ಯಲ್ ನದಿ. ಅದರ ನೀರು ಈ ದಿಬ್ಬಕ್ಕೆ ಎಂದೂ ಏರಲಿಲ್ಲ. ಆದುದರಿಂದ ಮೈಸೂರು ಸೀಮೆಯಿಂದ ದನಗಳನ್ನು ಹೊಡೆದುಕೊಂಡು ಬಂದ ಹಿರಿಯರು ಮೊದಲು ಬಾವಿಯನ್ನೇ ತೋಡಿದರಂತೆ, ಮನೆಗಳು ಅದರ ಸುತ್ತ ಎದ್ದವಂತೆ. ಬೀದಿಗಳಿಗೆ ಬಾವಿಗಳ ಹೆಸರೇ ಇವೆ. ಊರಿನ ಚರಿತ್ರೆಯನ್ನು ಬೇರೆಲ್ಲೂ ಯಾರೂ ಬರೆದಿಟ್ಟಿಲ್ಲ.

ಅದು ಬಾವಿಯ ಗೋಡೆಗಳಲ್ಲಿದೆ. ಮೇಲಿನ ಪಾಲು ಹಿರಿಯರು ಉಳಿಯಿಂದ ಕೆತ್ತಿ ಜೋಡಿಸಿದ ಕಲ್ಲು. ಅದರ ಅಂಚಿನಲ್ಲಿ ಎತ್ತುಗಳು ಎಳೆದ ಕಪಿಲೆಯ ಹಗ್ಗ ಕೊರೆದ ಗೀರುಗಳು. ಅದರ ಕೆಳಗೆ ಸಿಡಿಮದ್ದಿನಿಂದ ಒಡೆದ ಕರಿಬಂಡೆ. ಕೊಯಮತ್ತೂರಿನ ಮೋಟಾರುಗಳು ಬಂದು, ನೀರು ಪಾತಾಳಕ್ಕೆ ಸರಿದು, ಊರು ಅದರ ಬೆನ್ನಟ್ಟಿದ ಕಾಲ ಅದು. ತಳದಲ್ಲಿ ನೀರಿನ ಸೆಲೆ ಹುಡುಕಿ ಬಂಡೆಗೆ ಅಡ್ಡಲಾಗಿ ಕೊರೆದ ತೂತುಗಳು. ಅದು ಊರಿನ ಕೊನೆಯ ಆಸೆ. ಆಮೇಲೆ ಕೊಳವೆಬಾವಿಗಳು ಬಂದವು, ಹೊಲಗಳಲ್ಲಿ ಮಗ್ಗದ ಶೆಡ್ಡುಗಳೂ ಕೋಳಿಫಾರಂಗಳೂ ಎದ್ದವು, ಕುಡಿಯುವ ನೀರು ದೂರದಿಂದ ಪೈಪಿನಲ್ಲಿ ಬಂತು. ಬಾವಿಗಳು ಕಸ ಸುರಿಯುವ ಜಾಗಗಳಾದವು.

"ಮುಂಚೆ ಕೊಡ ಬಿದ್ರೆ ಕರೀತಿದ್ರು, ಮೋಟಾರು ಬಿದ್ರೆ ಕರೀತಿದ್ರು" ಎನ್ನುತ್ತಾರೆ ತಂಗಮ್ಮ. "ಈಗ ಆಳು ಬಿದ್ರೆ ಮಾತ್ರ ಕರೀತಾರೆ. ಫೋನು ಬಂತಂದ್ರೆ ನಾ ಮೊದಲು ಕೇಳೋದು ಒಂದೇ, ಉಸಿರಿದ್ಯಾ? ಇದೆ ಅಂತ ಹೇಳಿದವರು ಕಮ್ಮಿ."

ಮಾರಪ್ಪನ್ ಅವರ ಸಾವು ಬಂದದ್ದು ಊರಿಗೆ ಹೆಸರು ಕೊಟ್ಟ, ಊರ ನಡುವಿನ ಕಲ್ಬಾವಿಯಲ್ಲಿಯೇ. ಮೂರು ವರ್ಷಗಳ ಹಿಂದೆ ಯಾರೋ ಗುತ್ತಿಗೆದಾರ ಹೂಳೆತ್ತಲೆಂದು ಹೊರಗಿನ ಇಬ್ಬರು ಕೂಲಿಗಳನ್ನು ಇಳಿಸಿದ. ದೀಪದ ಪರೀಕ್ಷೆ ಅವನಿಗೆ ತಿಳಿಯದು. ಕೊಳೆತ ಕಸದ ವಿಷಗಾಳಿಗೆ ಇಬ್ಬರೂ ಕುಸಿದರು. ಸೆಲ್ಲಪ್ಪನ್ ಆ ದಿನ ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ, ಮಗಳ ಮನೆಯಲ್ಲಿದ್ದರು. ಹಗ್ಗ ಹಿಡಿಯುವವನು ಎಂದಿಗೂ ಇಳಿಯಬಾರದೆಂಬುದು ಕಟ್ಟಳೆಯ ಇನ್ನರ್ಧ. ಬಾವಿಯ ಬಳಿಗೆ ಓಡಿಬಂದ ಮಾರಪ್ಪನ್ ಕೆಳಗಿನಿಂದ ನರಳುವ ದನಿ ಕೇಳಿ ಅದನ್ನು ಮುರಿದರು. ಅವರು ಮೇಲೆ ಬರಲಿಲ್ಲ.

ಸುದ್ದಿ ತಿಳಿದು ಸೆಲ್ಲಪ್ಪನ್ ಬಸ್ಸಿನಲ್ಲಿ ಓಡಿ ಬಂದರು. ಬೇವಿನ ಕೊಂಬೆಗಳನ್ನು ಏರಿಳಿಸಿ ಗಾಳಿಯಾಡಿಸಿದರು. ದೀಪ ಆರದೆ ಉರಿಯಿತು. ಹಗ್ಗ ಹಿಡಿಯುವ ಕೈ ಇರಲಿಲ್ಲ.

"ತಮ್ಮ ಇಲ್ಲದಿದ್ರೆ ಅಕ್ಕ ಹಿಡೀಬೇಕಲ್ಲಾ?" ಎನ್ನುತ್ತಾರೆ ತಂಗಮ್ಮ. "ನಾ ಮೊದಲ ಸಲ ಈ ಕಯಿರು ಹಿಡಿದದ್ದು, ನನ್ನ ತಮ್ಮನ್ನೇ ಮೇಲಕ್ಕೆ ತರೋಕೆ. ಎಷ್ಟು ಭಾರ ಇದ್ದ ಗೊತ್ತಾ? ಚಿಕ್ಕಂದಲ್ಲಿ ಸೊಂಟದ ಮೇಲೆ ಎತ್ಕೊಂಡು ತಿರುಗಿದೋಳು ನಾನು."

ಮಾರಪ್ಪನ್ ಅವರ ಮಗ ಇಳಂಗೋ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ದುಡಿಯುತ್ತಾನೆ. ಅವನ ಮದುವೆಗೆ ಗೋಕಿಲಾ ಎಂಬ ಹುಡುಗಿ ಗೊತ್ತಾಗಿದ್ದಾಳೆ. ಅವಳಿಗೆ ಹರಿಹರನ್ ಎಂಬ ಅಣ್ಣನಿದ್ದಾನೆ. ಅಂದರೆ ಇಳಂಗೋವಿಗೂ ಈಗ ಹಗ್ಗ ಹಿಡಿಯುವ ಕೈ ಸಿಕ್ಕಿದೆ. ಮಗ್ಗದ ಕೆಲಸಗಾರನ ಹೆಣ ತೆಗೆದ ದಿನ ಮಧ್ಯಾಹ್ನ ಮನೆಯ ಜಗಲಿಯಲ್ಲಿ ಇದೇ ಮಾತು.

"ಅತ್ತೆ, ಮಾಮನ ಎದೆ ಗೊರಗೊರ ಅಂತಿದೆ. ಇನ್ನ ನಾ ಇಳೀತೀನಿ" ಎನ್ನುತ್ತಾನೆ ಇಳಂಗೋ.

"ಇಳಿಲಿ ಬಿಡು" ಎಂದು ಸೆಲ್ಲಪ್ಪನ್ ದನಿಗೂಡಿಸುತ್ತಾರೆ. "ನಾಳೆ ಇನ್ಯಾರದೋ ಮಗ ಬೀಳ್ತಾನೆ. ಫೈರ್ ವಂಡಿ ದೂರದಿಂದ ಬರಬೇಕು. ಅಲ್ಲಿತನಕ ಅವನ ಅಮ್ಮ ಮರದಡಿ ಕೂತಿರ್ಬೇಕಾ? ಶುಕ್ರವಾರ ತಟ್ಟೇಲಿ ಕಯಿರು ಇಡು, ತಂಗಮ್ಮಾ."

ತಂಗಮ್ಮ ಅಂಗೈಗೆ ಹರಳೆಣ್ಣೆ ಸವರಿಕೊಳ್ಳುತ್ತಾರೆ. ಬೆರಳುಗಳು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಗಂಡನ ಮಾತು ಸುಳ್ಳಲ್ಲವೆಂಬುದು ಅವರಿಗೂ ಗೊತ್ತು.

ಶುಕ್ರವಾರ ಸಂಜೆ ಹೆಣ್ಣಿನ ಮನೆಯಲ್ಲಿ ತಾಂಬೂಲ. ಹರಿಹರನ್ ಕಟ್ಟಳೆಯನ್ನು ಮೊದಲೇ ಕೇಳಿ ತಿಳಿದುಕೊಂಡಿದ್ದಾನೆ. ಎರಡೂ ಕೈ ಚಾಚಿ ನಿಂತಿದ್ದಾನೆ. ತಂಗಮ್ಮ ತಟ್ಟೆ ಹಿಡಿದು ಬರುತ್ತಾರೆ. ಎಲೆ, ಅಡಿಕೆ, ತೆಂಗಿನಕಾಯಿ, ಹೂವು. ಮತ್ತೇನೂ ಇಲ್ಲ.

"ಕಯಿರು?" ಎಂದು ಸೆಲ್ಲಪ್ಪನ್ ಕೇಳುತ್ತಾರೆ.

"ಮನೇಲಿದೆ."

"ಹೋಗಿ ತಗೊಂಡು ಬಾ."

"ತರಲ್ಲ" ಎನ್ನುತ್ತಾರೆ ತಂಗಮ್ಮ. "ನಮ್ಮಪ್ಪನ ಮನೇಲಿ ಉಳಿದಿರೋದು ಇವನೊಬ್ಬ." ಬಳಿಕ ಹರಿಹರನ್ ಕಡೆ ತಿರುಗುತ್ತಾರೆ. "ಕೈ ಇಳಿಸು, ನನ್ ಕಣ್ಣು. ನಿನ್ನ ತಂಗಿ ಗಂಡ ನೆಲದ ಮೇಲೇ ನಡೀತಾನೆ."

ಇಳಂಗೋ ತಲೆ ತಗ್ಗಿಸುತ್ತಾನೆ. ಗೋಕಿಲಾಳ ತಾಯಿ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾಳೆ. ಸೆಲ್ಲಪ್ಪನ್ ಎಲ್ಲರಿಗಿಂತ ಕೊನೆಯ ಪಂಕ್ತಿಯಲ್ಲಿ ಕೂತು ಉಂಡು ಏಳುತ್ತಾರೆ.

ಊರಿನಲ್ಲಿ ಇನ್ನೂ ಅನೇಕ ಬಾವಿಗಳು ಕಟ್ಟೆಯಿಲ್ಲದೆ ಬಾಯ್ದೆರೆದಿವೆ. ಮಾತಿನ ಕೊನೆಗೆ ಕೊಂಗು ಸೀಮೆಯ ಮರ್ಯಾದೆಯ 'ಉಂಗ' ಸೇರಿಸಿ ತಂಗಮ್ಮ ಪಂಚಾಯಿತಿಯನ್ನು ಕೇಳುತ್ತಿರುವುದು ಒಂದೇ: "ಸೊಂಟದೆತ್ತರ ಗೋಡೆ ಕಟ್ಟಿಕೊಟ್ರೆ ಸಾಕುಂಗ. ಆವತ್ತೇ ಈ ಕಯಿರಲ್ಲಿ ಎಮ್ಮೆ ಕಟ್ಟಾಕ್ತೀನಿ." ಬರುತ್ತೇವೆ, ನೋಡುತ್ತೇವೆ ಎಂದವರು ಇನ್ನೂ ಬಂದಿಲ್ಲ.

ಶನಿವಾರ ಬೆಳಕು ಹರಿಯುವ ಮೊದಲೇ ಇಬ್ಬರೂ ಮತ್ತೆ ಅದೇ ರಸ್ತೆಯಂಚಿನಲ್ಲಿದ್ದಾರೆ. ಸತ್ತವನ ಮೊಪೆಡ್ಡು ಬಾವಿಯಲ್ಲಿಯೇ ಇದೆ. ಅದನ್ನು ತೆಗೆದುಕೊಡಬೇಕೆಂದು ಪೊಲೀಸರು ಹೇಳಿಕಳುಹಿಸಿದ್ದಾರೆ. ದಂಪತಿಗಳ ನಡುವೆ ನಿನ್ನೆಯಿಂದ ಮಾತಿಲ್ಲ. ದೀಪ ಇಳಿಯುತ್ತದೆ, ಉರಿಯುತ್ತದೆ, ಮೇಲೆ ಬರುತ್ತದೆ. ಸೆಲ್ಲಪ್ಪನ್ ತಾವೇ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇನ್ನೊಂದು ಕೊನೆಯನ್ನು ಹೆಂಡತಿಯ ಮುಂದೆ ಚಾಚುತ್ತಾರೆ. ತಂಗಮ್ಮ ಅದನ್ನು ತೆಗೆದುಕೊಂಡು, ಗಂಡನ ಸೊಂಟದ ಗಂಟನ್ನು ಬಿಚ್ಚಿ, ತಾವೇ ಇನ್ನೊಮ್ಮೆ ಬಿಗಿಯುತ್ತಾರೆ.

ಕೆಳಗಿನಿಂದ, ಕೆಮ್ಮಿನ ನಡುವೆ, ದನಿ ಬರುತ್ತದೆ: "ಹಿಡಿದಿದ್ದೀಯಾ?"

"ಹಿಡಿದಿದ್ದೀನುಂಗ" ಎನ್ನುತ್ತಾರೆ ತಂಗಮ್ಮ, ಹಿಮ್ಮಡಿಯನ್ನು ಕಲ್ಲಿಗೆ ಒತ್ತಿ. "ಇಳೀರಿ."